ಬರುವ ವರ್ಷದ ಓದು ಮತ್ತು ದುಃಶ್ರುತಿಯ ಪ್ರಶ್ನೆ

ಶ್ರಾವಕನ ಷಟ್ಕರ್ಮಗಳಲ್ಲಿ ಸ್ವಾಧ್ಯಾಯವು ದೇವಪೂಜೆ, ಗುರೂಪಾಸ್ತಿಗಳ ನಂತರ, ಸಂಯಮ, ತಪ, ದಾನಗಳಿಗೆ ಮೊದಲು ಬರುತ್ತದೆ. ಪೂಜೆಯನ್ನು ನಾವು ಬಿಟ್ಟಿಲ್ಲ. ದಾನದಲ್ಲಿಯೂ ನಮ್ಮ ಸಮಾಜ ಹಿಂದೆ ಬಿದ್ದಿಲ್ಲ. ನಡುವಿನ ಸ್ವಾಧ್ಯಾಯ ಮಾತ್ರ ಸೊರಗಿದೆ. ದೀಪಾವಳಿಯ ಪ್ರಾತಃಕಾಲ ವೀರ ನಿರ್ವಾಣ ಪೂಜೆಯನ್ನು ಮುಗಿಸಿ, ಇಳಕಲ್ಲು, ಬಾಗಲಕೋಟೆಗಳ ಅಂಗಡಿಗಳಲ್ಲಿ ಹೊಸ ಖಾತೆ-ಕಿರ್ದಿಗಳನ್ನು ತೆರೆಯುತ್ತೇವೆ. ಬರುವ ವರ್ಷಕ್ಕೆ ಎಷ್ಟು ನೂಲು, ಎಷ್ಟು ರೇಷ್ಮೆ, ಯಾರಿಗೆ ಎಷ್ಟು ಉದ್ದರಿ ಎಂಬುದನ್ನು ನಿಷ್ಕರ್ಷಿಸುತ್ತೇವೆ. ಅದೇ ನಿರ್ವಾಣ ಸಂವತ್ಸರದಲ್ಲಿ ಯಾವ ಗ್ರಂಥ ಓದಬೇಕೆಂಬ ನಿಷ್ಕರ್ಷೆ ಯಾವ ಕಿರ್ದಿಯಲ್ಲೂ ಕಾಣದು. ಹಾಗೆಂದು ಮನೆಗೆ ಪುಸ್ತಕ ಬರುವುದಿಲ್ಲವೆಂದಲ್ಲ. ಬರುತ್ತವೆ; ನಾವು ಆರಿಸದೆಯೇ ಬರುತ್ತವೆ. ಪಂಚಕಲ್ಯಾಣ ಮಹೋತ್ಸವದ ಸ್ಮರಣ ಸಂಚಿಕೆ, ಹಿರಿಯರೊಬ್ಬರ ಅಭಿನಂದನ ಗ್ರಂಥ, ಮದುವೆಯಲ್ಲಿ ತಾಂಬೂಲದೊಡನೆ ಹಂಚಿದ ಕಿರುಹೊತ್ತಿಗೆ. ಕಪಾಟು ತುಂಬುತ್ತದೆ.

ಇಂಥ ಹೊತ್ತಿಗೆಗಳನ್ನು ಸಾಲಾಗಿ ಓದಿದವರಿಗೆ ಒಂದು ಅಂಶ ಗೋಚರವಾಗದಿರದು. ಹೆಸರುಗಳು ಬೇರೆಯಾದರೂ ಒಳಗಿನ ಮಾತು ಒಂದೇ: ಕನ್ನಡದ ರತ್ನತ್ರಯರು ನಮ್ಮವರು, ಐಹೊಳೆಯ ಮೇಗುತಿ ನಮ್ಮದು, ಬಾದಾಮಿಯ ನಾಲ್ಕನೆಯ ಗುಹೆ ನಮ್ಮದು, ಮುಧೋಳದ ಬಳೆಗಾರ ಕುಲದ ರನ್ನ ನಮ್ಮವನು. ಇದೆಲ್ಲ ಸತ್ಯವೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನದ ಪ್ರಸ್ತಾಪವಿಲ್ಲದ ಸಂಚಿಕೆಯೂ ಅಪರೂಪ. ಆದರೆ ಅದನ್ನು ಹೆಮ್ಮೆಯಿಂದ ಹೇಳುವ ಹತ್ತು ಮನೆಗಳಲ್ಲಿ ಶಾಂತಿಪುರಾಣದ ಒಂದು ಪ್ರತಿಯನ್ನು ಹುಡುಕಿರಿ. ಆ ಮಹಾಸತಿ ಹಂಚಿದ್ದು ಗ್ರಂಥವನ್ನು. ನಾವು ಹಂಚುತ್ತಿರುವುದು ಆಕೆ ಹಂಚಿದಳೆಂಬ ಸುದ್ದಿಯನ್ನು.

ಇಲ್ಲಿ ಶಾಸ್ತ್ರದ ಒಂದು ಪದವನ್ನು ವಿಚಾರಕ್ಕೆ ತೆಗೆದುಕೊಳ್ಳಬೇಕಾಗಿದೆ. ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದು. ಕೇಳಬಾರದ್ದನ್ನು ಕೇಳುವುದು, ಓದಬಾರದ್ದನ್ನು ಓದುವುದು ಎಂದು ಅದರ ಸ್ಥೂಲಾರ್ಥ. ಈ ಪದವನ್ನು ನಮ್ಮಲ್ಲಿ ಬಹುಮಟ್ಟಿಗೆ ಅನ್ಯಮತದ ಗ್ರಂಥಗಳಿಗೂ ಶೃಂಗಾರದ ಕಾದಂಬರಿಗಳಿಗೂ ಅನ್ವಯಿಸಿ ಸುಮ್ಮನಾಗುತ್ತಾರೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಟ್ಟಿರುವ ಲಕ್ಷಣವನ್ನು ನಿಧಾನವಾಗಿ ನೋಡಿದರೆ, ಮನಸ್ಸನ್ನು ಕಲುಷಿತಗೊಳಿಸುವ ಕಾರಣಗಳ ಪಟ್ಟಿಯಲ್ಲಿ ಮಿಥ್ಯಾತ್ವ, ರಾಗ, ದ್ವೇಷಗಳ ಜೊತೆಗೆ ಮದವನ್ನೂ ಎಣಿಸಿದ್ದಾರೆ. ಅದೇ ಗ್ರಂಥದಲ್ಲಿ ಹೇಳಿರುವ ಎಂಟು ಮದಗಳಲ್ಲಿ ಕುಲಮದ, ಜಾತಿಮದ, ಜ್ಞಾನಮದಗಳೂ ಸೇರಿವೆ. ಅಂದ ಬಳಿಕ ನಮ್ಮ ಕುಲದ ಹಿರಿಮೆಯನ್ನೇ ಉಬ್ಬಿಸಿ, ಓದಿದವನ ಎದೆಯನ್ನು ಒಂದಂಗುಲ ಹಿಗ್ಗಿಸಿ ಕಳುಹಿಸುವ ಪುಸ್ತಕ, ಮುಖಪುಟದಲ್ಲಿ ಜಿನಬಿಂಬವಿದ್ದರೂ, ದುಃಶ್ರುತಿಯೇ. ಈ ತೀರ್ಮಾನ ಹಲವರಿಗೆ ಕಟುವಾಗಿ ತೋರಬಹುದು. ಆಚಾರ್ಯರ ಪಟ್ಟಿಯಿಂದ ಮದವೆಂಬ ಪದವನ್ನು ತೆಗೆದುಹಾಕದೆ ಇದನ್ನು ತಪ್ಪಿಸಿಕೊಳ್ಳುವ ಮಾರ್ಗ ನನಗೆ ಕಾಣದು.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿಯೇ ಇದಕ್ಕೆ ನಿದರ್ಶನವುಂಟು. ಮೇಗುತಿ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ರಚಿಸಿದ ಪ್ರಶಸ್ತಿಯಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು, ಪಲ್ಲವನನ್ನು ಹಿಮ್ಮೆಟ್ಟಿಸಿದ್ದು ಎಲ್ಲವೂ ಅಲ್ಲಿದೆ. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡದ್ದೂ ಇದೆ. ಅದನ್ನಷ್ಟೇ ಓದಿ ಹೊರಟವನಿಗೆ ಚಾಳುಕ್ಯರದು ಸೋಲರಿಯದ ಕಥೆ. ಬಾದಾಮಿಗೆ ಹೋಗಿ ಅಲ್ಲಿಯ ಬಂಡೆಯ ಮೇಲಿರುವ ಪಲ್ಲವ ನರಸಿಂಹವರ್ಮನ ಶಾಸನವನ್ನು ಕಂಡಾಗಲೇ ಕಥೆಯ ಉಳಿದರ್ಧ ತಿಳಿಯುವುದು. ಜಿನಾಲಯದ ಪ್ರಶಸ್ತಿ ಹುಟ್ಟಿ ಹತ್ತು ವರ್ಷ ತುಂಬುವುದರೊಳಗೆ, 642ರ ಸುಮಾರಿಗೆ, ವಾತಾಪಿ ಶತ್ರುವಿನ ಕೈಸೇರಿತ್ತು. ರವಿಕೀರ್ತಿ ಸುಳ್ಳು ಹೇಳಲಿಲ್ಲ. ಅವನು ಬರೆದಾಗ ಅದು ನಡೆದಿರಲಿಲ್ಲ. ಆದರೆ ಎರಡನೆಯ ಶಾಸನವನ್ನು ಓದದೆ ಮೊದಲನೆಯದನ್ನೇ ಪಾರಾಯಣ ಮಾಡುವ ನಮಗೆ ಆ ಸಮರ್ಥನೆ ಇಲ್ಲ. ಬರುವ ವರ್ಷದ ಕಥೆ-ಕಾದಂಬರಿಯಲ್ಲದ ಓದಿಗೆ ಪುಸ್ತಕ ಆರಿಸುವಾಗ ಮೇಗುತಿಗೊಂದು, ಬಾದಾಮಿಯ ಬಂಡೆಗೊಂದು ಎಂದು ಇಟ್ಟುಕೊಳ್ಳುವುದು ಯುಕ್ತ.

ಇಳಕಲ್ ಸೀರೆಯ ಕಸುಬು ಬಲ್ಲವರಿಗೆ ಇನ್ನೊಂದು ಪರೀಕ್ಷೆಯೂ ತಿಳಿದಿದೆ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಇವೆರಡನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಜಾಣ ಗಿರಾಕಿ ಸೆರಗಿನ ಬಣ್ಣಕ್ಕೆ ಮಾರುಹೋಗದೆ ಆ ಕೂಡಿಕೆಯನ್ನು ಬೆರಳಿನಿಂದ ಎಳೆದು ನೋಡುತ್ತಾನೆ. ವಿಚಾರ ಸಾಹಿತ್ಯದಲ್ಲಿ ಪ್ರಮಾಣಕ್ಕೂ ತೀರ್ಮಾನಕ್ಕೂ ಇರುವ ಕೂಡಿಕೆಯನ್ನೂ ಹಾಗೆಯೇ ಎಳೆದು ನೋಡಬೇಕು. ಪಿ.ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತು ಬರೆದು 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾದ ಇಂಗ್ಲಿಷ್ ಗ್ರಂಥ ಈ ಪರೀಕ್ಷೆಗೆ ಇಂದಿಗೂ ನಿಲ್ಲುತ್ತದೆ. ಶಾಸನದ ಪಾಠವನ್ನು ಮುಂದಿಟ್ಟೇ ಅವರು ಮಾತನಾಡುತ್ತಾರೆ.

ಕನ್ನಡದಲ್ಲಿಯೇ ದೊರೆಯುವ ಗ್ರಂಥಗಳಲ್ಲಿ ಮೊದಲು ಸೂಚಿಸತಕ್ಕದ್ದು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅನುವಾದಿಸಿದ ಗಾಂಧೀಜಿಯವರ ಆತ್ಮಕಥೆ. ಓದಿದ್ದೇವೆ ಎಂದು ಹಲವರು ಹೇಳಿಯಾರು. ನಮ್ಮ ವ್ಯಾಖ್ಯಾನಗಳಲ್ಲಿ ಅದರ ಒಂದು ಪ್ರಸಂಗ ಪದೇ ಪದೇ ಬರುತ್ತದೆ: 1891ರಲ್ಲಿ ಮುಂಬಯಿಗೆ ಮರಳಿದ ಗಾಂಧಿಯವರು ಜವಾಹಿರಿ ವ್ಯಾಪಾರಿ ರಾಯಚಂದಭಾಯಿಯವರನ್ನು ಕಂಡದ್ದು, ದೊಡ್ಡ ವ್ಯವಹಾರ ಮುಗಿದ ಕ್ಷಣವೇ ಅವರು ಧರ್ಮದ ಹೊತ್ತಿಗೆಯನ್ನು ತೆರೆಯುತ್ತಿದ್ದರೆಂಬುದು. ವ್ಯಾಪಾರಿಯಾದ ಶ್ರಾವಕನಿಗೆ ಇದಕ್ಕಿಂತ ಹಿತವಾದ ಚಿತ್ರ ಬೇರೆ ಯಾವುದಿದೆ? ಆದರೆ ಅದೇ ಅಧ್ಯಾಯದಲ್ಲಿ, ಅಷ್ಟು ಗೌರವವಿದ್ದರೂ ಅವರನ್ನು ಗುರುವಾಗಿ ತಮ್ಮ ಹೃದಯದಲ್ಲಿ ಸ್ಥಾಪಿಸಿಕೊಳ್ಳಲಾಗಲಿಲ್ಲವೆಂದು ಗಾಂಧಿಯವರು ಸ್ಪಷ್ಟವಾಗಿ ಹೇಳಿದ್ದಾರೆ. ನಮ್ಮ ವೇದಿಕೆಗಳಲ್ಲಿ ಈ ಮಾತು ಕೇಳಿಬರುವುದಿಲ್ಲ. ಅಧ್ಯಾಯ ಚಿಕ್ಕದು, ಪೂರ್ತಿ ಓದಲು ಅರ್ಧ ಗಂಟೆಯೂ ಬೇಡ.

ಎರಡನೆಯದು ಮಹಾವೀರಾಚಾರ್ಯರ ಗಣಿತಸಾರಸಂಗ್ರಹ. ಅಮೋಘವರ್ಷ ನೃಪತುಂಗನ ಕಾಲದ, ಸುಮಾರು 850ರ ಈ ಸಂಸ್ಕೃತ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದ್ರಾಸಿನಲ್ಲಿ ಹೊರತಂದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜ ಮಠದಿಂದ 2000ದಲ್ಲಿ ಬಂದಿತು. ಲೆಕ್ಕ ಬರೆಯುವವರಿಗೆ ಇದರ ಮಿಶ್ರಕ ವ್ಯವಹಾರದ ಭಾಗ ಪರಮ ರಸಾಸ್ವಾದ: ಬಡ್ಡಿಯ ಲೆಕ್ಕ, ಕೂಡು ವ್ಯಾಪಾರದಲ್ಲಿ ಪಾಲಿನ ಲೆಕ್ಕ, ಬೇರೆ ಬೇರೆ ಬಣ್ಣದ ಚಿನ್ನ ಕರಗಿಸಿದಾಗ ಮಿಶ್ರಣದ ಬೆಲೆಯ ಲೆಕ್ಕ. ಬಿ.ಕಾಂ. ತರಗತಿಗಳಲ್ಲಿ ಪಾಶ್ಚಾತ್ಯರ ಹೆಸರಿನಲ್ಲಿ ಕಲಿತದ್ದನ್ನು ಇಲ್ಲಿ ಜಿನವಂದನೆಯ ಹಿಂದೆಯೇ ಕಾಣಬಹುದು. ನಮ್ಮ ಸಂಚಿಕೆಗಳು ಆಚಾರ್ಯರನ್ನು ಇಷ್ಟಕ್ಕೇ ಹೊಗಳಿ ಬಿಡುತ್ತವೆ. ಋಣಸಂಖ್ಯೆ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಹೇಳಿದ್ದು ಸೂಕ್ಷ್ಮ ದೃಷ್ಟಿ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುವುದೆಂದು ಹೇಳಿದ್ದು ತಪ್ಪು. ಎರಡೂ ಒಂದೇ ಲೇಖನಿಯಿಂದ ಬಂದವು. ಎರಡನೆಯದನ್ನು ಮರೆಮಾಚುವುದು ಭಕ್ತಿಯಲ್ಲ. ಸತ್ಯಾಣುವ್ರತವುಳ್ಳವನ ಖಾತೆಯಲ್ಲಿ ಜಮೆಯ ಪಕ್ಕ ಖರ್ಚೂ ಇರಬೇಕಷ್ಟೆ.

ಮೂರನೆಯದನ್ನು ಸೂಚಿಸುವಾಗ ಕೆಲವರಿಗೆ ಬೇಸರವಾಗುವ ಸಂಭವವಿದೆ. ಮೂಡಬಿದಿರೆಯ ಸಮೀಪದ ನೆಲ್ಲಿಕಾರಿನಲ್ಲಿ 1923ರಲ್ಲಿ ದಿಗಂಬರ ಮನೆತನದಲ್ಲಿ ಹುಟ್ಟಿ, ಅಮೆರಿಕೆಯ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದು, 2021ರಲ್ಲಿ ನಿಧನರಾದ ಪದ್ಮನಾಭ ಜೈನಿಯವರು ಸ್ತ್ರೀಮುಕ್ತಿಯ ವಾದವಿವಾದಗಳನ್ನು ಕುರಿತು 1991ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವದು. ಸ್ತ್ರೀಗೆ ಅದೇ ಭವದಲ್ಲಿ ಮೋಕ್ಷವಿಲ್ಲವೆನ್ನುವ ನಮ್ಮ ಆಚಾರ್ಯರ ವಾದವನ್ನೂ, ಉಂಟೆನ್ನುವ ಶ್ವೇತಾಂಬರರ ಮತ್ತು ಯಾಪನೀಯರ ವಾದವನ್ನೂ ಮೂಲಗಳ ಅನುವಾದದೊಡನೆ ಎದುರುಬದುರು ಇಟ್ಟಿದ್ದಾರೆ. ಯಾಪನೀಯರು ಹೊರಗಿನವರಲ್ಲ. ನಿರ್ಗ್ರಂಥರಾಗಿ ನಮ್ಮಂತೆ ನಗ್ನತ್ವವನ್ನು ಮನ್ನಿಸಿ, ಸ್ತ್ರೀಮುಕ್ತಿಯನ್ನು ಒಪ್ಪಿದ ಆ ಸಂಘಕ್ಕೆ ಕದಂಬರು ಹಲಸಿಯ ತಾಮ್ರಶಾಸನಗಳಲ್ಲಿ ದತ್ತಿ ಕೊಟ್ಟಿದ್ದಾರೆ. ಸ್ತ್ರೀನಿರ್ವಾಣವನ್ನು ಸಮರ್ಥಿಸಿದ ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅಮೋಘವರ್ಷನ ಹೆಸರಿಟ್ಟವನು. ಜೈನಿಯವರ ಗ್ರಂಥದ ಗುಣವೆಂದರೆ ಅವರು ತಮ್ಮ ಜನ್ಮದ ಪಕ್ಷಕ್ಕೆ ತಕ್ಕಡಿಯನ್ನು ವಾಲಿಸದಿರುವುದು. ಅದರ ಕೊರತೆ, ವಾದಗಳ ಜಾಲ ದಟ್ಟವಾದಲ್ಲಿ ಸಾಮಾನ್ಯ ಓದುಗನಿಗೆ ಕೈಹಿಡಿಯುವ ವ್ಯವಸ್ಥೆ ಕಡಿಮೆ. ಆದರೂ ದಿನವೂ ಬಸದಿಯಲ್ಲಿ ಪೂಜೆಯ ಹೆಚ್ಚಿನ ಭಾರವನ್ನು ಹೊತ್ತಿರುವ ನಮ್ಮ ಮನೆಯ ತಾಯಂದಿರು, ತಮ್ಮ ವಿಷಯವಾಗಿ ಸಾವಿರ ವರ್ಷ ಏನು ವಾದ ನಡೆಯಿತೆಂಬುದನ್ನು ಅರಿಯದೆ ಇರಬೇಕೆ? ಅನೇಕಾಂತವನ್ನು ಭಾಷಣದಲ್ಲಿ ಬಳಸುವವರು ಇದರ ಹತ್ತು ಪುಟಗಳಲ್ಲಿ ಅದನ್ನು ಪರೀಕ್ಷಿಸಿಕೊಳ್ಳಬಹುದು.

ಇನ್ನೊಂದು ಬಗೆಯ ಮದವಿದೆ, ಅದು ನೆರೆಯವರ ನೋವಿನಿಂದ ಹುಟ್ಟುವುದು. ಎ.ಎನ್. ಮೂರ್ತಿರಾಯರ ‘ದೇವರು’ 1991ರಲ್ಲಿ ಬಂದಾಗಿನಿಂದ ಬಹಳ ಚರ್ಚೆಗೆ ಒಳಗಾಗಿದೆ. ಸೊಗಸಾದ, ಪ್ರಾಮಾಣಿಕ ಗದ್ಯ. ಆದರೆ ಸೃಷ್ಟಿಕರ್ತನನ್ನು ಒಪ್ಪದ ನಮಗೆ ಅದು ಸುಲಭದ ಓದು. ಪೆಟ್ಟು ಪಕ್ಕದ ಮನೆಗೆ ಬೀಳುತ್ತದೆಂದು ತಲೆದೂಗುತ್ತ ಓದಿಬಿಡುತ್ತೇವೆ. ಆದ್ದರಿಂದ ಈ ವರ್ಷದ ನನ್ನ ಆಯ್ಕೆಯಲ್ಲಿ ಅದಿಲ್ಲ. ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳ ವಿಷಯ ಬೇರೆ. ಶಾಸನ, ಹಸ್ತಪ್ರತಿ, ಸ್ಥಳನಾಮಗಳಲ್ಲಿ ಬೇರೂರಿದ ಆ ಸಂಶೋಧನೆಯಲ್ಲಿ ನಮ್ಮ ಜಿಲ್ಲೆಗಳ ಮಣ್ಣಿದೆ. ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಮೊದಲನೆಯದರ ಕೆಲವು ಮಾತುಗಳನ್ನು 1989ರಲ್ಲಿ ಒತ್ತಡಕ್ಕೊಳಗಾಗಿ ಹಿಂತೆಗೆದುಕೊಂಡ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಅವರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕಿಲ್ಲ. ಕೆಲವೆಡೆ ಊಹೆ ಪ್ರಮಾಣವನ್ನು ಮೀರಿ ಓಡುತ್ತದೆಂದು ನನಗೂ ಅನ್ನಿಸಿದೆ. ಆದರೆ ಅಹಿಂಸೆಯನ್ನು ಪರಮಧರ್ಮವೆಂದು ಸಾರುವವರು ಈ ಸಂಪುಟಗಳನ್ನು ಕಪಾಟಿನ ಹೊರಗೆ ಇಡುವುದು ಶೋಭಿಸದು.

ಇಷ್ಟೇ ಸಾಕು. ಪರಿಗ್ರಹ ಪರಿಮಾಣ ಪುಸ್ತಕಕ್ಕೂ ಉಂಟು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಸಾಮಾನು ಸಾಗಿಸಿದವರಿಗೆ ಓದದ ಪುಸ್ತಕದ ತೂಕ ಎಷ್ಟೆಂದು ಗೊತ್ತು. ಲಗ್ನಸರಾಯಿಯ ತಿಂಗಳುಗಳಲ್ಲಿ ಅಂಗಡಿಯವರಿಂದ ಗಂಭೀರ ಓದು ಆಗದು. ಆಗ ಆತ್ಮಕಥೆಯ ಒಂದೊಂದು ಅಧ್ಯಾಯ ಸಾಕು. ಜೈನಿಯವರ ಗ್ರಂಥವನ್ನು ಚಾತುರ್ಮಾಸಕ್ಕೆ ಇಟ್ಟುಕೊಳ್ಳುವುದು ಲೇಸು, ಏಕೆಂದರೆ ಸ್ವಾಧ್ಯಾಯದ ಐದು ಭೇದಗಳಲ್ಲಿ ವಾಚನೆಯ ನಂತರದ್ದು ಪೃಚ್ಛನೆ, ಮತ್ತು ಪ್ರಶ್ನೆ ಕೇಳಲು ಮುನಿಗಳು ಊರಲ್ಲಿ ನಿಂತಿರುವ ಕಾಲವದು. ಇಂಗ್ಲಿಷ್ ಬಲ್ಲ ತರುಣ-ತರುಣಿಯರು ಸಂಜೆ ಒಂದು ತಾಸು ಓದಿ ಕನ್ನಡದಲ್ಲಿ ಅರ್ಥ ಹೇಳಲಿ. ದೇಸಾಯಿಯವರ ಗ್ರಂಥದ ಪ್ರತಿ ಅಂಗಡಿಗಳಲ್ಲಿ ದೊರೆಯುವುದು ದುರ್ಲಭ; ನಾಲ್ಕು ಮನೆಗಳವರು ಕೂಡಿ ಒಂದು ಪ್ರತಿ ಸಂಪಾದಿಸಿ, ಮೂರು ಮೂರು ತಿಂಗಳು ಸರದಿಯಲ್ಲಿ ಇಟ್ಟುಕೊಂಡರೆ ಮುಂದಿನ ದೀಪಾವಳಿಯ ಹೊತ್ತಿಗೆ ಎಲ್ಲರದೂ ಮುಗಿದಿರುತ್ತದೆ.