ಪೂರ್ಣವಿರಾಮಕ್ಕೆ ಮೊದಲು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧ ತಿದ್ದುವವರು ಅಂಚಿನಲ್ಲಿ ‘ಫ್ರಾಗ್’ ಎಂದು ಗೀಚುವುದುಂಟು. ಅದು ‘ಫ್ರಾಗ್ಮೆಂಟ್’ ಪದದ ಮೊಟಕು ರೂಪ. ವಾಕ್ಯ ಅಪೂರ್ಣ ಎಂದರ್ಥ. ನಮ್ಮ ಕಡೆಯಿಂದ ಬಂದ ವಿದ್ಯಾರ್ಥಿಗಳು ತೋರಿಸುವ ಹಾಳೆಗಳಲ್ಲಿ ಈ ಗುರುತನ್ನು ಎಷ್ಟೋ ಸಲ ನೋಡಿದ್ದೇನೆ. ಗುರುತು ಸರಿಯೇ. ಆದರೆ ಅದನ್ನು ಅಜಾಗರೂಕತೆಯೆಂದೋ ದಡ್ಡತನವೆಂದೋ ಎಣಿಸುವುದಕ್ಕೆ ನನ್ನ ತಕರಾರಿದೆ.

‘ಬೆಳೆ ಕೈಕೊಟ್ಟಿತು. ಏಕೆಂದರೆ ಮಳೆ ಬರಲಿಲ್ಲ.’ ಕನ್ನಡದಲ್ಲಿ ಇವೆರಡೂ ಪೂರ್ಣ ವಾಕ್ಯಗಳು. ‘ಏಕೆಂದರೆ’ ತನ್ನ ಮುಂದಿನ ಮಾತನ್ನು ಕಟ್ಟಿಹಾಕುವುದಿಲ್ಲ. ಇಂಗ್ಲಿಷಿನ ‘ಬಿಕಾಸ್’ ಕಟ್ಟಿಹಾಕುತ್ತದೆ. ‘ಬಿಕಾಸ್ ದ ರೇನ್ಸ್ ಫೇಲ್ಡ್’ ಎಂಬಲ್ಲಿ ಕರ್ತೃವಿದೆ, ಕ್ರಿಯಾಪದವಿದೆ, ಆದರೂ ಬರಹದಲ್ಲಿ ಅದು ಒಂಟಿಯಾಗಿ ನಿಲ್ಲದು. ಅದಕ್ಕೆ ನಮ್ಮಲ್ಲಿ ಸರಿಸಮ ‘ಮಳೆ ಬಾರದ್ದರಿಂದ’. ಪ್ರಬಂಧ ಬರೆಯುವ ಕನ್ನಡಿಗರು ಅಲ್ಲಿ ಪೂರ್ಣವಿರಾಮ ಇಡಲಾರರು. ನಮ್ಮ ಕಿವಿ ಅಪೂರ್ಣತೆಯನ್ನು ಕೊನೆಯ ಪ್ರತ್ಯಯದಲ್ಲಿ ಹುಡುಕುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲ ಪದದಲ್ಲೇ ಕೂತಿರುತ್ತದೆ. ‘ಇವರು ನಮ್ಮ ಮೇಷ್ಟ್ರು’ ಎಂಬಲ್ಲಿ ಕ್ರಿಯಾಪದವಿಲ್ಲ, ‘ಬಂದೆ’ ಎಂಬಲ್ಲಿ ಕರ್ತೃಪದವಿಲ್ಲ. ನಮಗೆ ಎರಡೂ ಪೂರ್ಣ.

ಹಾಗಾಗಿ ಬರೀ ‘ಫ್ರಾಗ್’ ಎಂದರೆ ಸಾಲದು. ನಾನು ಎರಡು ಉಪಾಯ ಹೇಳುತ್ತೇನೆ. ಬರಹವನ್ನು ಕೊನೆಯ ವಾಕ್ಯದಿಂದ ಹಿಮ್ಮುಖವಾಗಿ ಓದಿ. ಪಕ್ಕದ ವಾಕ್ಯದ ಆಸರೆ ತಪ್ಪಿದಾಗ ಅರೆಮಾತು ಬಯಲಾಗುತ್ತದೆ. ಅನುಮಾನವಿದ್ದಲ್ಲಿ ಮೊದಲಿಗೆ ‘ಐ ಬಿಲೀವ್ ದಟ್’ ಸೇರಿಸಿ ನೋಡಿ. ‘ದ ರೇನ್ಸ್ ಫೇಲ್ಡ್’ ಅದಕ್ಕೆ ಹೊಂದುತ್ತದೆ, ‘ಬಿಕಾಸ್’ ಸೇರಿದ್ದು ಹೊಂದುವುದಿಲ್ಲ. ತಿದ್ದುವುದು ಕಷ್ಟವಲ್ಲ: ಅಲ್ಪವಿರಾಮವಿಟ್ಟೋ ಇಡದೆಯೋ ಹಿಂದಿನ ವಾಕ್ಯಕ್ಕೆ ಸೇರಿಸಬಹುದು. ‘ವಿಚ್ ಶೋಸ್’ ಎಂದು ಶುರುವಾಗುವ ತುಣುಕಾದರೆ ‘ದಿಸ್ ಶೋಸ್’ ಮಾಡಿ ಅದರ ಕಾಲ ಮೇಲೇ ನಿಲ್ಲಿಸಬಹುದು.

ಡಿಕನ್ಸ್‌ನ ‘ಬ್ಲೀಕ್ ಹೌಸ್’ (1852–53) ಮುಖ್ಯ ಕ್ರಿಯಾಪದವಿಲ್ಲದ ತುಣುಕುಗಳಿಂದಲೇ ತೆರೆದುಕೊಳ್ಳುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಲಂಡನ್ನಿನ ಮಂಜು ಕಣ್ಣಿಗೆ ಕಟ್ಟಿದರೆ ಸಾಕು. ಸಂಶೋಧನಾ ಪ್ರಬಂಧ ಏನನ್ನೋ ಪ್ರತಿಪಾದಿಸಬೇಕು, ಅದಕ್ಕೆ ಬರೆದವರು ಹೊಣೆಯಾಗಬೇಕು. ಮುಖ್ಯವಾಕ್ಯವಿಲ್ಲದೆ ಪ್ರತಿಪಾದನೆಯಿಲ್ಲ.

ಈ ಅಳತೆಗೋಲನ್ನು ನಮ್ಮ ಕಡೆಗೂ ತಿರುಗಿಸಬೇಕು. ‘ಈ ಕುರಿತು ಅಧ್ಯಯನಗಳು ನಡೆದಿದ್ದು, ಹಲವು ಅಂಶಗಳು ಬೆಳಕಿಗೆ ಬಂದಿದ್ದು, ಅವು ಮಹತ್ವದ್ದಾಗಿದ್ದು’ ಎಂದು ಸಾಗುವ ಕನ್ನಡದ ವಿದ್ವತ್ ಗದ್ಯವನ್ನು ನೀವೂ ಓದಿರುತ್ತೀರಿ. ‘ಇದ್ದು, ಇದ್ದು’ ಎಂದು ಏದುಸಿರು ಬಿಡುತ್ತಾ ಕೊನೆಗೆ ಅದು ‘ಕಂಡುಬರುತ್ತದೆ’ ಎಂಬಲ್ಲಿ ಕುಸಿಯುತ್ತದೆ. ಯಾರಿಗೆ ಕಂಡಿತು, ಎಲ್ಲಿ ಕಂಡಿತು? ವ್ಯಾಕರಣದ ಲೆಕ್ಕದಲ್ಲಿ ಆ ವಾಕ್ಯ ಪೂರ್ಣ, ಯಾರೂ ಅದರ ಪಕ್ಕ ಕೆಂಪು ಗುರುತು ಹಾಕುವುದಿಲ್ಲ. ಮಳೆ ಬರಲಿಲ್ಲ ಎಂದು ನೇರವಾಗಿ ಬರೆದ ಹುಡುಗಿಯ ಅರೆವಾಕ್ಯಕ್ಕಿಂತ ನನಗೆ ಹೆಚ್ಚು ಅಪೂರ್ಣವಾಗಿ ಕಾಣುವುದು ಇದೇ.