ನಿಮಿಷಗಳಲ್ಲಿ ಕರಗುವ ಮದ್ದು, ವರ್ಷಗಳ ನಂತರದ ಪರೀಕ್ಷೆ

ಸಕ್ಸಿನೈಲ್‌ಕೋಲಿನ್ ಎಂಬ ಮದ್ದಿಗೆ ನಮ್ಮ ಆಪರೇಷನ್ ಥಿಯೇಟರುಗಳಲ್ಲಿ 'ಸ್ಕೋಲಿನ್' ಎಂಬ ಹೆಸರೇ ಬಳಕೆ. ಗಂಟಲಿಗೆ ನಳಿಕೆ ಇಳಿಸುವ ಮುನ್ನ ಅರಿವಳಿಕೆ ತಜ್ಞರು ಇದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮುಖ, ಕೈಕಾಲುಗಳ ಸ್ನಾಯುಗಳು ಒಮ್ಮೆ ಅದುರುತ್ತವೆ. ನಿಮಿಷದೊಳಗೆ ಮೈ ಪೂರಾ ಸಡಿಲವಾಗಿ ಉಸಿರೂ ನಿಲ್ಲುತ್ತದೆ. ಕೃತಕ ಉಸಿರು ಕೊಡುವವರು ಪಕ್ಕದಲ್ಲಿದ್ದರೆ ಐದು-ಹತ್ತು ನಿಮಿಷಕ್ಕೆ ರೋಗಿ ಮೊದಲಿನಂತಾಗುತ್ತಾನೆ, ಇಲ್ಲದಿದ್ದರೆ ಸಾಯುತ್ತಾನೆ. ಅಷ್ಟರಲ್ಲಿ ರಕ್ತದ ಒಂದು ಕಿಣ್ವ ಮದ್ದನ್ನು ಸಕ್ಸಿನೈಲ್‌ಮೊನೊಕೋಲಿನ್ ಆಗಿ ಒಡೆದಿರುತ್ತದೆ. ಅದೂ ಮುಂದೆ ಸಕ್ಸಿನಿಕ್ ಆಮ್ಲ ಮತ್ತು ಕೋಲಿನ್ ಆಗುತ್ತದೆ. ಈ ಕೊನೆಯ ಎರಡೂ ನಮ್ಮೆಲ್ಲರ ಮೈಯಲ್ಲಿ ಸದಾ ಇರುವಂಥವೇ.

ಇಂಥ ಮದ್ದಿನಿಂದಾದ ಕೊಲೆಯನ್ನು ಹಿಡಿಯಹೊರಟ ವಿಷಶಾಸ್ತ್ರ, ಮದ್ದು ಪಡೆಯದವರ ಮೈಯಲ್ಲಿ ಏನಿರುತ್ತದೆ ಎಂದು ಮೊದಲು ನೋಡಿಕೊಳ್ಳದೆ ಕಟಕಟೆ ಹತ್ತಿತು. ಅದರ ಮೇಲಿನ ನನ್ನ ದೊಡ್ಡ ಆಕ್ಷೇಪ ಇದು.

ಅಮೆರಿಕದ ಅರಿವಳಿಕೆ ತಜ್ಞ ಕಾರ್ಲ್ ಕೊಪ್ಪೊಲಿನೊನ ಹೆಂಡತಿ 1965ರಲ್ಲಿ ಫ್ಲಾರಿಡಾದಲ್ಲಿ ಸತ್ತರು. ಹೂತ ಶವವನ್ನು ಮತ್ತೆ ತೆಗೆಸಿದಾಗ ನ್ಯೂಯಾರ್ಕಿನ ವಿಷತಜ್ಞ ಜೋಸೆಫ್ ಉಂಬರ್ಗರ್ ಈ ಪ್ರಕರಣಕ್ಕೆಂದೇ ಹೊಸ ವಿಧಾನ ರೂಪಿಸಿ, ಮಿದುಳಿನಲ್ಲಿ ಸಕ್ಸಿನಿಕ್ ಆಮ್ಲ ಸಹಜಕ್ಕಿಂತ ಹೆಚ್ಚಿದೆ ಎಂದರು. 1967ರಲ್ಲಿ ಕೊಪ್ಪೊಲಿನೊಗೆ ಕೊಲೆಗಾಗಿ ಶಿಕ್ಷೆಯಾಯಿತು, ಮೇಲ್ಮನವಿಯಲ್ಲೂ ಅದು ನಿಂತಿತು. ಹೊಸ ವಿಷದ ಬಗ್ಗೆ ಗ್ರಂಥಗಳು ಬರೆಯಲ್ಪಡುವವರೆಗೆ ಸಮಾಜ ಕೊಲೆಯನ್ನು ಸಹಿಸಬೇಕಿಲ್ಲ ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಆ ಕಳಕಳಿಯನ್ನು ನಾನು ಗೌರವಿಸುತ್ತೇನೆ, ಆದರೆ ಆ ಪುರಾವೆಯನ್ನು ಒಪ್ಪಲಾರೆ. ತಿಂಗಳುಗಟ್ಟಲೆ ಮಣ್ಣಿನಡಿ ಇದ್ದ ಮಿದುಳಿನಲ್ಲಿ 'ಸಹಜ' ಎಂದರೆ ಎಷ್ಟು? ಅದನ್ನು ಹೇಳಲು ಅಂಥದೇ ಸ್ಥಿತಿಯ ಹಲವು ಮಿದುಳುಗಳ ಅಳತೆ ಬೇಕು. ಇಲ್ಲವಾದರೆ ಕಡಲ ನೀರಿನಲ್ಲಿ ಉಪ್ಪು ಹೆಚ್ಚಿದೆ ಎಂದು ಒಂದೇ ಬೊಗಸೆ ಹಿಡಿದು ಹೇಳಿದ ಹಾಗೆ.

ಮುಂದೆ ಯಂತ್ರಗಳು ಸೂಕ್ಷ್ಮವಾದವು. ಸಕ್ಸಿನಿಕ್ ಆಮ್ಲವನ್ನು ಬಿಟ್ಟು ಸಕ್ಸಿನೈಲ್‌ಮೊನೊಕೋಲಿನ್ ಹುಡುಕತೊಡಗಿದರು. ಇದು ಮದ್ದಿನಿಂದಲ್ಲದೆ ಬೇರೆಲ್ಲಿಂದಲೂ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಫ್ಲಾರಿಡಾದಲ್ಲೇ ಶವಪರೀಕ್ಷಾಧಿಕಾರಿಯಾಗಿದ್ದ ವಿಲಿಯಂ ಸೈಬರ್ಸ್‌ನ ಹೆಂಡತಿ 1991ರಲ್ಲಿ ತೀರಿಕೊಂಡಿದ್ದರು. ಎಂಬಾಮ್ ಮಾಡಿದ ಶವದಿಂದ ತೆಗೆದು ವರ್ಷಗಟ್ಟಲೆ ಇಟ್ಟಿದ್ದ ಅಂಗಾಂಶಗಳಲ್ಲಿ ಆ ಉಳಿಕೆ ಸಿಕ್ಕಿತೆಂದು 2001ರಲ್ಲಿ ಅವನಿಗೆ ಶಿಕ್ಷೆಯಾಯಿತು. ಎಫ್‌ಬಿಐ ಪ್ರಯೋಗಾಲಯದವರು ಮದ್ದನ್ನೇ ಪಡೆಯದವರ ಅಂಗಾಂಶಗಳನ್ನು ಅದೇ ರೀತಿ ಪರೀಕ್ಷಿಸಿದಾಗ ಅಲ್ಲೂ ಅದೇ ಉಳಿಕೆ ಕಂಡಿತು! 2003ರಲ್ಲಿ ಆ ತೀರ್ಪು ರದ್ದಾಯಿತು. ಬಳಿಕ ಸೈಬರ್ಸ್ ಕೊಲೆಗಿಂತ ಕಡಿಮೆ ತೀವ್ರತೆಯ ಅಪರಾಧವೊಂದನ್ನು ಒಪ್ಪಿಕೊಂಡು ಬಿಡುಗಡೆಯಾದ. ಅವನು ಕೊಂದನೋ ಇಲ್ಲವೋ, ಆ ಪರೀಕ್ಷೆಯಿಂದ ಅದು ತಿಳಿಯುವಂತಿರಲಿಲ್ಲ. ಈ ಇಡೀ ಇತಿಹಾಸದಲ್ಲಿ ನಾನು ಅತ್ಯಂತ ಮೆಚ್ಚುವ ಕೆಲಸ ಎಫ್‌ಬಿಐನ ಈ ತಾಳೆನೋಟವೇ. ತನ್ನದೇ ಶಾಸ್ತ್ರದ ಸಾಧನವನ್ನು ಮುರಿದು ತೋರಿಸುವುದಕ್ಕೆ ಪ್ರಾಮಾಣಿಕತೆ ಬೇಕು.

ಸರಿಯಾದ ದಾರಿಯ ಮಾದರಿ ನೆವಾಡಾದಲ್ಲಿ ಸಿಗುತ್ತದೆ. 2006ರಲ್ಲಿ ಅಲ್ಲಿನ ರಾಜ್ಯ ಕಂಟ್ರೋಲರ್ ಕ್ಯಾಥಿ ಅಗಸ್ಟಿನ್ ಪ್ರಜ್ಞೆತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿ, ಬಳಿಕ ತೀರಿಕೊಂಡರು. ಆಕೆಯ ಗಂಡ ನರ್ಸ್ ಆಗಿದ್ದ. ಅವನ ಸಹೋದ್ಯೋಗಿಯೊಬ್ಬರು ಪೊಲೀಸರಿಗೆ ಈ ಮದ್ದಿನ ಹೆಸರು ಹೇಳಿದರು. ಜೀವವಿದ್ದಾಗಲೇ ತೆಗೆದಿದ್ದ ಮೂತ್ರದಲ್ಲಿ ಎಫ್‌ಬಿಐಗೆ ಮೂಲ ಮದ್ದೇ ಸಿಕ್ಕಿತು. ಬೇಗ ತೆಗೆದ ಮಾದರಿ, ಏನನ್ನು ಹುಡುಕಬೇಕೆಂಬ ಸುಳಿವು, ಉಳಿಕೆಯ ಬದಲು ಮೂಲವಸ್ತು: ಇವು ಕೂಡಿದ್ದರಿಂದ ಪುರಾವೆಗೆ ತೂಕ ಬಂತು.

ನಮ್ಮಲ್ಲಿ ಅನುಮಾನಾಸ್ಪದ ಸಾವೆಂದರೆ ಜಠರ, ಕರುಳು, ಪಿತ್ತಜನಕಾಂಗ, ಮೂತ್ರಪಿಂಡದ ತುಂಡುಗಳನ್ನು ಗಟ್ಟಿ ಉಪ್ಪುನೀರಿನ ಜಾಡಿಗೆ ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸುವುದು ರೂಢಿ. ನುಂಗಿದ ಕೀಟನಾಶಕಕ್ಕೆ ಇದು ಒಳ್ಳೆಯ ಪದ್ಧತಿ. ಸೂಜಿಯಲ್ಲಿ ಹೋದ ಸ್ಕೋಲಿನ್‌ಗೆ ಜಠರ ಏನು ಹೇಳೀತು? ಉಪ್ಪು ಕೊಳೆಯುವುದನ್ನು ತಡೆಯುತ್ತದೆ, ಈ ಮದ್ದು ಒಡೆಯುವುದನ್ನಲ್ಲ. ರಕ್ತದ ಕೊಳವೆಯೊಳಗೂ ಕಿಣ್ವ ಕೆಲಸ ಮುಂದುವರಿಸುತ್ತದೆ. ಅದನ್ನು ತಡೆಯುವ ರಾಸಾಯನಿಕ ಬೆರೆಸಿ, ಕೂಡಲೇ ಮಂಜುಗಟ್ಟುವಷ್ಟು ತಂಪಿನಲ್ಲಿಡಬೇಕು. ಕ್ಯಾಷುಯಲ್ಟಿಯಲ್ಲಿ ಮೊದಲು ತೆಗೆದ ರಕ್ತ, ಮೂತ್ರವನ್ನು ಚೆಲ್ಲದೆ ಇಟ್ಟುಕೊಳ್ಳುವ ವ್ಯವಸ್ಥೆಯಾದರೆ ಎಷ್ಟೋ ಪ್ರಶ್ನೆಗಳಿಗೆ ಉತ್ತರವಿರುತ್ತದೆ.

ಇನ್ನೊಂದು ಮಾತು ನಮ್ಮ ನೆಲಕ್ಕೇ ಸೇರಿದ್ದು. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ತೀರಾ ಕಡಿಮೆ ಎಂಬುದು ವೈದ್ಯಕೀಯ ದಾಖಲೆಗಳಲ್ಲಿದೆ. ಅಂಥವರಲ್ಲಿ ಸ್ಕೋಲಿನ್ ಪ್ರಭಾವ ಗಂಟೆಗಟ್ಟಲೆ ನಿಲ್ಲಬಹುದು. ಹಾಗಾಗಿ ಮದ್ದು ಎಷ್ಟು ಹೊತ್ತು ಪತ್ತೆಯಾಗುತ್ತದೆ ಎಂಬ ಪುಸ್ತಕದ ಅಂಕಿಯನ್ನು ಎಲ್ಲ ಮೈಗಳಿಗೂ ಹೊಂದಿಸಲಾಗದು. ಶವದ ರಕ್ತದಲ್ಲಿ ಕಿಣ್ವದ ಮಟ್ಟವನ್ನೂ ಅಳೆಯಬೇಕು.

ವರದಿಯ ಒಕ್ಕಣೆಯೂ ಬದಲಾಗಬೇಕು. 'ವಿಷ ಪತ್ತೆಯಾಗಿಲ್ಲ' ಎಂಬ ಸಾಲನ್ನು ಪೊಲೀಸರು, ಮನೆಯವರು 'ವಿಷ ಕೊಟ್ಟಿಲ್ಲ' ಎಂದೇ ಓದಿಕೊಳ್ಳುತ್ತಾರೆ. ಯಾವ ಮದ್ದುಗಳಿಗಾಗಿ ಹುಡುಕಿದರು, ಎಷ್ಟು ಪ್ರಮಾಣದವರೆಗೆ ಹಿಡಿಯಬಲ್ಲರು, ಮಾದರಿ ತೆಗೆದದ್ದು ಸಾವಾದ ಎಷ್ಟು ಹೊತ್ತಿನ ಮೇಲೆ, ಅದು ಹೇಗೆ ಬಂತು ಎಂಬುದೆಲ್ಲ ವರದಿಯಲ್ಲಿರಬೇಕು. ಸ್ಕೋಲಿನ್‌ಗಾಗಿ ಹುಡುಕಿಯೇ ಇಲ್ಲವೆಂದಾದರೆ ಅದನ್ನೂ ಬರೆಯಬೇಕು.