ಅಂಗೈಗೆ ಸಿಗುವ ನೆಗ್ಗು

ನೆಗ್ಗಿದ ತಗಡಿನ ಮೇಲೆ ಬರಿಗೈ ಆಡಿಸಬಾರದು, ನಡುವೆ ತೆಳ್ಳನೆಯ ಹತ್ತಿಬಟ್ಟೆ ಇರಬೇಕು. ಬರಿಗೈ ಬೆವರಿಗೆ ಅಂಟಿ ತಡೆದು ತಡೆದು ಸಾಗುತ್ತದೆ. ಬಟ್ಟೆ ಇದ್ದರೆ ಕೈ ಜಾರುತ್ತದೆ. ಜಾರುವ ಕೈಗೆ ಒಂದು ಕಾಗದದಷ್ಟು ದಪ್ಪದ ಏರಿಳಿತವೂ ತಿಳಿಯುತ್ತದೆ. ಇದನ್ನು ನನಗೆ ಕಲಿಸಿದವರು ನಮ್ಮೂರಿನ ಟಿಂಕರಿಂಗ್ ಕಾಕ. ಹೆಗಲ ಮೇಲಿನ ಬೈರಾಸನ್ನು ನಮ್ಮ ಹಳೆಯ 407 ಲಾರಿಯ ಎಡಬಾಗಿಲಿಗೆ ಹಿಡಿದು, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಎಳೆದರು. ಆಮೇಲೆ ಸೀಮೆಸುಣ್ಣದಲ್ಲಿ ಸುತ್ತ ಒಂದು ಗೆರೆ ಹಾಕಿದರು. ನನ್ನ ಕಣ್ಣಿಗೆ ಕಂಡ ನೆಗ್ಗು ಒಂದು ಗೇಣು ಅಗಲದ್ದು. ಅವರ ಗೆರೆಯೊಳಗೆ ಮೂರು ಗೇಣು ಸೇರಿತ್ತು.

ಟಾಟಾ 407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ, ಜಪಾನಿ ಕಂಪನಿಗಳ ಕೈಹಿಡಿದು ಬಂದ ಸಣ್ಣ ಲಾರಿಗಳ ಪೈಪೋಟಿಯ ನಡುವೆ. ನಮ್ಮ ಮನೆಯದು ದುಡಿದದ್ದೆಲ್ಲ ಮಲ್ಪೆ ಬಂದರಿನಲ್ಲಿ. ಅಪ್ಪ ಅದರಲ್ಲಿ ಬಂಗುಡೆ, ಬೂತಾಯಿ ಹೊತ್ತು ಘಟ್ಟ ಹತ್ತಿಸುತ್ತಿದ್ದರು. ಮೀನಿನ ಮೇಲಿನ ಐಸು ಕರಗಿ ಸೋರುವ ಉಪ್ಪುನೀರು, ಹಗಲಿರುಳು ಬೀಸುವ ಕಡಲಗಾಳಿ, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ, ಇವು ಮೂರೂ ಒಟ್ಟಾಗುವ ಊರಿನಲ್ಲಿ ಕಬ್ಬಿಣ ಬಾಳುವುದೇ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಮೀನಿನ ಲಾರಿಗಳಿಗೂ ಬಿಡುವು. ತುಕ್ಕು ಕೆಲಸ ಮಾಡುವುದು ಆ ಬಿಡುವಿನಲ್ಲೇ ಹೆಚ್ಚು. ದುಡಿಮೆ ಮುಗಿಸಿ ಅಂಗಳದ ತಗಡಿನ ಮಾಡಿನ ಕೆಳಗೆ ನಿಂತಿದ್ದ ಲಾರಿಯನ್ನು ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ನಾವು ಮುಟ್ಟಿದೆವು.

ತುಕ್ಕಿಗೂ ಒಂದು ಚೆಲುವಿದೆ. ಅದನ್ನು ಗಮನಿಸದವನು ಅದನ್ನು ಗೆಲ್ಲಲಾರ. ಕಬ್ಬಿಣ ತುಕ್ಕಾಗುವಾಗ ಮೊದಲಿನ ಗಾತ್ರದ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬು ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ರೂಪಾಯಿ ನಾಣ್ಯದಗಲ ತಗಡು ಹೋಗಿದೆ ಎಂದೇ ಲೆಕ್ಕ. ಹೊರಗಿನ ತಗಡನ್ನು ಒಳಗಿನ ಚೌಕಟ್ಟಿನ ಮೇಲೆ ಮಡಚಿರುವ ಸಂದು ಅಲ್ಲೇ ಇದೆ. ಗಾಜಿನ ಬೀಡಿಂಗಿನಿಂದ ಇಳಿದ ನೀರು ಹೊರಹೋಗಲು ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು, ಮೀನಿನ ಹೊಟ್ಟುಗಳಿಂದ ಮುಚ್ಚಿಹೋದರೆ ಬಾಗಿಲೇ ಬಾವಿ. ಹೀಗಾಗಿ ತುಕ್ಕು ಹೊರಗಿನಿಂದ ಒಳಕ್ಕೆ ಹೋಗುವುದು ಕಡಿಮೆ. ನಮಗೆ ಅದು ಕಾಣಿಸುವ ಹೊತ್ತಿಗೆ ಒಳಗಿನ ಊಟ ಮುಗಿಸಿ ಎದ್ದು ಬಂದಿರುತ್ತದೆ.

ಕಾಕ ಸ್ಕ್ರೂಡ್ರೈವರಿನ ಹಿಡಿಯಲ್ಲಿ ಬಾಗಿಲನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬಂದರು. ಗಟ್ಟಿ ತಗಡು ಠಣ್ ಎಂದಿತು. ಹಿಂದೆ ಯಾರೋ ತಗ್ಗು ತುಂಬಲು ಪಟ್ಟಿ ಮೆತ್ತಿದ್ದ ಜಾಗ ದಬ್ ಎಂದಿತು. ಕೆಳಗಿನ ನಾಲ್ಕು ಬೆರಳಗಲಕ್ಕೆ ಬಂದಾಗ ಒಣ ಹಪ್ಪಳದ ಸದ್ದು. ಹಿಡಿ ತಿರುಗಿಸಿ ಮೊನೆ ಒತ್ತಿದರೆ ಸ್ಕ್ರೂಡ್ರೈವರ್ ಆಚೆ ಬದಿಗೆ ಹೊರಟುಹೋಯಿತು. ಅಂಥ ಕಡೆ ಪಟ್ಟಿ ತುಂಬಿ ಬಣ್ಣ ಹೊಡೆಯುವುದು ಸುಲಭ, ಆದರೆ ಪಟ್ಟಿ ನೀರು ಕುಡಿಯುತ್ತದೆ. ಕೆಳಗಿರುವ ತುಕ್ಕಿಗೆ ಅದೇ ಒದ್ದೆ ಹಾಸಿಗೆ. ಸಿಪ್ಪೆಯ ಕೆಳಗೆ ಹೊಳೆಯುವ ಗಟ್ಟಿ ಲೋಹ ಸಿಗುವತನಕ ಕೊಳೆತ ಭಾಗವನ್ನು ಕತ್ತರಿಸಿ ತೆಗೆದೆವು.

ಹೊಸ ತುಂಡಿಗೆ ತಂದದ್ದು 20 ಗೇಜಿನ ತಗಡು, ದಪ್ಪ ಒಂದು ಮಿ.ಮೀ.ಗೂ ಕೊಂಚ ಕಡಿಮೆ. ಇಷ್ಟು ತೆಳು ತಗಡಿಗೆ ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಕಾವಿಗೆ ಸೊಟ್ಟಗಾಗಿ ಅಲೆ ಏಳುತ್ತದೆ. ಅದಕ್ಕೆ ಇಲ್ಲೊಂದು ಚುಕ್ಕಿ, ಗೇಣು ದೂರದಲ್ಲಿ ಇನ್ನೊಂದು, ಮತ್ತೆ ಎರಡರ ನಡುವೆ ಮೂರನೆಯದು. ಪ್ರತಿ ಚುಕ್ಕಿ ಆರುವವರೆಗೆ ಕೈಕಟ್ಟಿ ಕೂತಿರಬೇಕು. ರಂಗೋಲಿಯ ಚುಕ್ಕಿಗಳಂತೆ ಅವು ದೂರದೂರದಿಂದ ಹತ್ತಿರವಾಗಿ ಕೊನೆಗೆ ಗೆರೆಯಾಗುತ್ತವೆ. ಒಂದು ಸಂಜೆ ಕೆಲಸ ತಡವಾಗಿ, ಉಜ್ಜಿ ಬೆಳ್ಳಗೆ ಮಾಡಿದ ತಗಡನ್ನು ಪ್ರೈಮರ್ ಹಚ್ಚದೆ ಹಾಗೇ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಇಬ್ಬನಿ ಕೂತಲ್ಲೆಲ್ಲ ಅರಸಿನ ಬೆರೆಸಿದ ಕುಂಕುಮದ ಬಣ್ಣದ ತೆಳು ಪೊರೆ. ಒಂದೇ ರಾತ್ರಿ! ಅಂದಿನಿಂದ ಬೆಳಿಗ್ಗೆ ಉಜ್ಜಿದ್ದಕ್ಕೆ ಸಂಜೆಯೊಳಗೆ ಪ್ರೈಮರ್ ಎಂಬುದು ಮನೆಯ ನೇಮವಾಯಿತು.

ಕೈ ತಲುಪದ ಸಂದುಗಳಿಗೆ ತುಕ್ಕು ತಡೆಯುವ ದ್ರಾವಣ ಹಚ್ಚಿದೆವು. ಟ್ಯಾನಿಕ್ ಆಮ್ಲ ಇರುವಂಥದ್ದು. ಹಚ್ಚಿದಾಗ ಹಾಲಿನಂತೆ ಬೆಳ್ಳಗಿದ್ದದ್ದು ನೋಡನೋಡುತ್ತ ನೇರಳೆಗೆ ತಿರುಗಿ, ಕಡೆಗೆ ಕಾಡಿಗೆಯಂಥ ಕಪ್ಪಾಗುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಬಟ್ಟೆಗೆ ಕಪ್ಪು ಬಣ್ಣ ಕಟ್ಟುತ್ತಿದ್ದವರ ರಸವಿದ್ಯೆಯೂ ಇದೇ. ಒಗರು ಮತ್ತು ಕಬ್ಬಿಣ ಕೂಡಿದರೆ ಮಸಿ. ಬಣ್ಣಗಾರರ ಆ ಕಪ್ಪು ನಮ್ಮ ಲಾರಿಯ ಬಾಗಿಲ ಸಂದಿಯಲ್ಲಿ ಮೂಡುವುದನ್ನು ಟಾರ್ಚು ಹಿಡಿದು ನೋಡುತ್ತ ಕೂತಿದ್ದೆ.

ಈ ಕೆಲಸದ ನಿಜವಾದ ರುಚಿ ಇರುವುದು ನೆಗ್ಗು ಎತ್ತುವುದರಲ್ಲಿ. ಎಷ್ಟೋ ವರ್ಷದ ಹಿಂದೆ ಇಕ್ಕಟ್ಟಿನ ಓಣಿಯಲ್ಲಿ ಲಾರಿ ತಿರುಗಿಸುವಾಗ ಅಪ್ಪ ಎಡಬಾಗಿಲನ್ನು ಮುರಕಲ್ಲಿನ ಪಾಗಾರಕ್ಕೆ ಒತ್ತಿಬಿಟ್ಟಿದ್ದರು. ತಗ್ಗಿನ ನಟ್ಟನಡುವೆ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದರೆ ಸರಿಹೋಗುತ್ತದೆ ಎಂದು ನಾನು ತಿಳಿದಿದ್ದೆ. ಸುತ್ತಿಗೆ ಎತ್ತಿದ ನನ್ನ ಕೈಯನ್ನು ಕಾಕ ಹಿಡಿದರು. "ಕೊನೆಗೆ ಆದದ್ದನ್ನು ಮೊದಲು ಬಿಡಿಸು ಮಗಾ."

ಅವರು ಹೇಳಿದ್ದು ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು. ಕಲ್ಲು ತಾಗಿದ ಜಾಗ ಮೊದಲು ತಗ್ಗುತ್ತದೆ. ತಗ್ಗುತ್ತ ಸುತ್ತಲಿನ ತಗಡನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಳೆತ ನಿಲ್ಲುವಲ್ಲಿ, ಎಲ್ಲಕ್ಕಿಂತ ಕೊನೆಗೆ, ಗದ್ದೆಯ ಬದುವಿನಂತೆ ಒಂದು ದಿಣ್ಣೆ ಏಳುತ್ತದೆ. ಲೋಹ ನಿಜವಾಗಿ ಮಡಚಿ ಗಡುಸಾಗಿರುವುದು ಆ ದಿಣ್ಣೆಯಲ್ಲಿ ಮತ್ತು ಪೆಟ್ಟಿನ ಗೆರೆಯಲ್ಲಿ. ನಡುವಿನ ಬಹುಪಾಲು ತಗಡಿಗೆ ಏನೂ ಆಗಿರುವುದಿಲ್ಲ. ಅದು ತನ್ನ ಮೊದಲಿನ ಬಾಗಿಗೆ ಮರಳಲು ಕಾಯುತ್ತಿರುತ್ತದೆ, ದಿಣ್ಣೆ ಅದನ್ನು ಬಿಗಿದು ಹಿಡಿದಿರುತ್ತದೆ. ನಡುವೆಯೇ ಬಡಿದರೆ ಸುಮ್ಮನಿದ್ದ ತಗಡು ಹಿಗ್ಗಿ ಹೊಸ ಗಾಯವಾಗುತ್ತದೆ. ನೆಗ್ಗನ್ನು ಕೊನೆಯಿಂದ ಮೊದಲಿಗೆ ಓದಬೇಕು. ನೂಲಿನ ಗಂಟು ಬಿಡಿಸುವ ಅಜ್ಜಿಗೆ ಇದು ಗೊತ್ತು.

ಕಾಕ ಡಾಲಿಯನ್ನು, ಅಂಗೈ ತುಂಬುವ ಉಕ್ಕಿನ ಗಟ್ಟಿಯನ್ನು, ಒಳಗಿನಿಂದ ತಗ್ಗಿಗೆ ಒತ್ತಿ ಹಿಡಿದರು. ಹೊರಗೆ ದಿಣ್ಣೆಯ ಮೇಲೆ ಸುತ್ತಿಗೆ ಬಿತ್ತು. ಅದು ಹೊಡೆತವಲ್ಲ, ಮಗುವಿನ ಬೆನ್ನು ತಟ್ಟುವ ಲಯ. ಟಪ್, ಟಪ್, ಟಪ್. ದಿಣ್ಣೆ ಒಂದಿಷ್ಟು ಇಳಿದಷ್ಟೂ ಒಳಗಿನ ಒತ್ತಿಗೆ ತಗ್ಗು ಒಂದಿಷ್ಟು ಏರುತ್ತದೆ. ಸುಣ್ಣದ ಗೆರೆ ಸುತ್ತಿ ಅರ್ಧ ದಾರಿ ಬರುವಷ್ಟರಲ್ಲಿ, ಸುತ್ತಿಗೆ ತಾಗದಿದ್ದ ನಡುಭಾಗ ಬುಡುಂ ಎಂದು ತಾನಾಗಿ ಹೊರಕ್ಕೆ ಬಂತು. ಅಷ್ಟು ವರ್ಷ ಅದುಮಿಟ್ಟಿದ್ದ ಉಸಿರನ್ನು ಬಾಗಿಲು ಬಿಟ್ಟಂತೆ. ಆ ಸದ್ದನ್ನು ಒಮ್ಮೆ ಕೇಳಿದವರು ತಗಡನ್ನು ಜಡವಸ್ತು ಎನ್ನಲಾರರು.

ಆಮೇಲೆ ಉಳಿದದ್ದು ಸಣ್ಣ ತಪ್ಪುಗಳು. ಪೆಟ್ಟಿನ ಗೆರೆಯ ಬಳಿ ಹಿಗ್ಗಿದ್ದ ತಗಡು ಒತ್ತಿದರೆ ಟಕ್ ಎಂದು ಒಳಗೆ, ಬಿಟ್ಟರೆ ಟಕ್ ಎಂದು ಹೊರಗೆ. ಅಲ್ಲಿಗೆ ಗ್ಯಾಸಿನ ಉರಿ ಹಿಡಿದು ನಾಣ್ಯದಗಲ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಿದರು. ಚುಸ್ ಎಂದು ಹಬೆ ಎದ್ದಿತು, ಹಿಗ್ಗಿದ್ದು ಕುಗ್ಗಿತು. ಹಿಗ್ಗಿಸುವುದು ಸುತ್ತಿಗೆ, ಕುಗ್ಗಿಸುವುದು ಬೆಂಕಿ ಮತ್ತು ನೀರು. ಹದ ಇವುಗಳ ನಡುವೆ ಇದೆ.

ಪಟ್ಟಿಗೆ ಉಳಿದದ್ದು ಉಗುರಿನಷ್ಟು ದಪ್ಪದ ಕೆಲಸ. ಗಟ್ಟಿಯಾಗಿಸುವ ಪೇಸ್ಟನ್ನು ಕಡಲೆಕಾಳಿನಷ್ಟು ಕಲಸಿದರೆ ಸಾಕು, ಕೆಲವೇ ನಿಮಿಷದಲ್ಲಿ ಗಂಟು ಬೀಳುತ್ತದೆ. ಒಣಗಿದ ಮೇಲೆ ಮರದ ತುಂಡಿಗೆ 80ರ ಎಮರಿ ಕಾಗದ ಸುತ್ತಿ, ಮುಂದೆ 180, ಕೊನೆಗೆ ನೀರು ಬಿಟ್ಟುಕೊಂಡು 400, 600. ಅಂಚನ್ನು ಉಜ್ಜುತ್ತ ಹೋದಂತೆ ಹಳೆಯ ಬಣ್ಣಗಳು ಮರದ ಬಳೆಗಳಂತೆ ಒಂದರೊಳಗೊಂದು ಬಿಚ್ಚಿಕೊಂಡವು: ಹಳದಿ, ಅದರೊಳಗೆ ನೀಲಿ, ಅದರೊಳಗೆ ಕೆನೆ, ಎಲ್ಲಕ್ಕೂ ಅಡಿಗೆ ಇಟ್ಟಿಗೆಗೆಂಪು ಪ್ರೈಮರ್. ಆ ಬಳೆಗಳ ಅಂಚು ಉಗುರಿಗೆ ಸಿಗದಷ್ಟು ನುಣುಪಾಗಬೇಕು. ಕಣ್ಣಿಗೆ ಬಣ್ಣ ಕಾಣಬೇಕು, ಬೆರಳಿಗೆ ಏನೂ ತಾಗಬಾರದು. ಅದರ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಹಾರಿಸಿ ಮತ್ತೆ ಉಜ್ಜಿದೆವು. ದಿಣ್ಣೆಯಲ್ಲಿ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಉಳಿದ ಮಚ್ಚೆಗಳನ್ನು ಹುಡುಕಿ ಹುಡುಕಿ ಮೂರು ಸಂಜೆ ಕಳೆದವು.

ಬಣ್ಣ ಹೊಡೆಯಲು ಬಿಸಿಲೇರುವವರೆಗೆ ಕಾದೆವು. ತೇವದ ಗಾಳಿಯಲ್ಲಿ ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಹನಿ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಒಣಗಿದ ಮೇಲೆ ಬಾಗಿಲಿನಲ್ಲಿ ಅಂಗಳದ ತೆಂಗಿನಮರ ಮೂಡಿತು. ಅದರ ಕಾಂಡ ಕೆಳಗಿನ ಹೊಸ ತುಂಡನ್ನೂ ಹಳೆಯ ತಗಡನ್ನೂ ದಾಟಿ ಎಲ್ಲೂ ಮುರಿಯದೆ ಸಾಗಿತ್ತು.

ಸಂಜೆ ಅಪ್ಪ ಹೊರಗೆ ಬಂದರು. ಏನೂ ಹೇಳದೆ ಹೆಗಲ ಬೈರಾಸು ಇಳಿಸಿ ಬಾಗಿಲಿಗೆ ಹಿಡಿದು, ಅದರ ಮೇಲೆ ಅಂಗೈ ಇಟ್ಟು ಎಳೆದರು. ಹಿಡಿಯಿಂದ ಅಂಚಿನವರೆಗೆ, ಮತ್ತೆ ಅಂಚಿನಿಂದ ಹಿಡಿಯವರೆಗೆ. ಎರಡನೆಯ ಸಲ ನಡುವೆ ಒಂದು ಕಡೆ ಕೈ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಆ ಪೆಟ್ಟು ಕೊಟ್ಟವರು ಅವರೇ, ದಿನವೂ ಅದನ್ನು ನೋಡಿಕೊಂಡೇ ಲಾರಿ ಹತ್ತುತ್ತಿದ್ದವರೂ ಅವರೇ.

"ಎಲ್ಲಿತ್ತು ಅದು?" ಎಂದು ಕೇಳಿದರು.

ಕಾಕ ಉತ್ತರಿಸಲಿಲ್ಲ. ಡಾಲಿಯನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು.